ನದಿ ಕೊಡದ ನೆಲ

ಕೊಡದಿದ್ದುದನ್ನು ತೆಗೆದುಕೊಳ್ಳದಿರುವುದೇ ಅಚೌರ್ಯವೆಂದು ಶ್ರಾವಕರೆಲ್ಲರೂ ಬಲ್ಲರು. ಆದರೆ ಕ್ರಯಪತ್ರವಿದ್ದ ಮಾತ್ರಕ್ಕೆ ನೆಲವು ನ್ಯಾಯವಾಗಿ ದೊರೆತಂತಾಗುವುದೇ? ಚೆನ್ನೈಯಲ್ಲಿ ನೆಲೆಸಿದ ಕನ್ನಡನಾಡಿನ ಜೈನ ವರ್ತಕರೊಬ್ಬರಿಗೆ ಈ ಪ್ರಶ್ನೆ 2015ರ ಚಳಿಗಾಲದಲ್ಲಿ ಎದುರಾಯಿತು.

ಸೈದಾಪೇಟೆಯಲ್ಲಿ, ಅಡಯಾರ್ ನದಿಯ ದಂಡೆಗೆ ಸಮೀಪವಾಗಿ, ಅವರು ಗೋದಾಮೊಂದನ್ನು ಅಗ್ಗವಾಗಿ ಕೊಂಡಿದ್ದರು. ಅದು ನೀರು ಹರಡುವ ಜಾಗವೆಂದು ನೆರೆಯ ವೃದ್ಧರೊಬ್ಬರು ಎಚ್ಚರಿಸಿದ್ದರು. ವರ್ತಕರು ಆ ಮಾತನ್ನು ಬೆಲೆ ಇಳಿಸಲು ಬಳಸಿಕೊಂಡರೇ ಹೊರತು ಮನಸ್ಸಿಗೆ ತಂದುಕೊಳ್ಳಲಿಲ್ಲ.

ಆ ವರ್ಷ ನವೆಂಬರಿನಲ್ಲಿಯೇ ಈಶಾನ್ಯ ಮಾರುತದ ಮಳೆ ಅತಿಯಾಗಿ ಸುರಿದು ಕೆರೆಗಳು ತುಂಬಿದ್ದವು, ನೆಲವೂ ನೆನೆದಿತ್ತು. ಡಿಸೆಂಬರ್ 1ರಂದು ಮತ್ತೆ ಮಹಾವೃಷ್ಟಿಯಾಯಿತು. ಚೆಂಬರಂಬಾಕ್ಕಂ ಕೆರೆಯಿಂದ ಸೆಕೆಂಡಿಗೆ 29,000 ಘನ ಅಡಿ ನೀರನ್ನು ಹೊರಬಿಟ್ಟರು. ಇತರ ಕೆರೆ, ಹಳ್ಳಗಳ ನೀರೂ ಅದಕ್ಕೆ ಕೂಡಿತು. ಒತ್ತುವರಿಯಿಂದ ಕಿರಿದಾಗಿದ್ದ ನದಿ ದಡ ಮೀರಿ ಹರಡಿತು. 2018ರಲ್ಲಿ ಮಂಡನೆಯಾದ ಮಹಾಲೇಖಪಾಲರ ವರದಿಯು ಇದನ್ನು ಮಾನವನಿರ್ಮಿತ ವಿಪತ್ತೆಂದು ಕರೆಯಿತು.

ಗೋದಾಮಿನ ಸರಕೆಲ್ಲ ಹಾಳಾಯಿತು. ಅಲ್ಲಿ ಮಲಗುತ್ತಿದ್ದ ಕಾವಲುಗಾರನು ಛಾವಣಿಯೇರಿ ಜೀವ ಉಳಿಸಿಕೊಂಡನು. ವರ್ತಕರನ್ನು ಕಾಡಿದ್ದು ಸರಕಿನ ನಷ್ಟವಲ್ಲ. ಎಚ್ಚರಿಕೆಯನ್ನು ಕೇಳಿಯೂ ಒಬ್ಬ ಬಡವನನ್ನು ಅಲ್ಲಿ ಮಲಗಿಸಿದ ಪ್ರಮಾದ. ಕುಡಿಯುವ ನೀರನ್ನು ತಪ್ಪದೆ ಸೋಸುವ ಮನೆಯ ಜೀವದಯೆ, ನೆಲ ಕೊಳ್ಳುವಾಗ ಎಲ್ಲಿ ಅಡಗಿತ್ತು?

ಮುಂದಿನ ಬೇಸಿಗೆಯ ಹೊತ್ತಿಗೆ ಗೋಡೆಗೆ ಸುಣ್ಣ ಬಳಿದಾಗಿತ್ತು. ನೀರಿನ ಗುರುತು ಉಳಿದಿರಲಿಲ್ಲ. ವಿದ್ಯಾರ್ಥಿನಿಲಯಕ್ಕೆ ಜಾಗ ಹುಡುಕುತ್ತಿದ್ದ ಟ್ರಸ್ಟೊಂದರ ಹಿರಿಯರು ಬಂದು ಒಳ್ಳೆಯ ಬೆಲೆ ಹೇಳಿದರು. ಸುಮ್ಮನಿದ್ದಿದ್ದರೆ ನಷ್ಟವೆಲ್ಲ ತುಂಬುತ್ತಿತ್ತು. ವರ್ತಕರು ಗೋಡೆಯ ಬಳಿ ನಿಂತು, ತಲೆಗಿಂತ ಮೇಲೆ ಕೈಯೆತ್ತಿ, "ನೀರು ಇಲ್ಲಿಯವರೆಗೆ ಬಂದಿತ್ತು" ಎಂದರು. ವ್ಯವಹಾರ ಅಲ್ಲಿಗೇ ಮುಗಿಯಿತು. ಆಮೇಲೆ ಆ ಗೋದಾಮಿನಲ್ಲಿ ರಾತ್ರಿ ಯಾರನ್ನೂ ಮಲಗಗೊಡಲಿಲ್ಲ.

ಪರಿಗ್ರಹ ಪರಿಮಾಣ ವ್ರತದ ಅತಿಚಾರಗಳನ್ನು ಹೇಳುವಾಗ ಉಮಾಸ್ವಾಮಿ ಆಚಾರ್ಯರು ಕ್ಷೇತ್ರ, ವಾಸ್ತುಗಳನ್ನೇ ಮೊದಲು ಹೆಸರಿಸಿದ್ದಾರೆ. ನೆರೆ ಬಂದಾಗ ಅನ್ನದಾನ ಮಾಡುವುದು ಪುಣ್ಯಕಾರ್ಯವೇ ಸರಿ. ಆದರೆ ನೀರಿನ ದಾರಿಯನ್ನು ಕಟ್ಟಿದ ದೋಷವು ಅದರಿಂದ ಕಳೆಯದು. ನಮ್ಮ ಕುಟುಂಬಗಳೂ ಬಸದಿಗಳ ಟ್ರಸ್ಟುಗಳೂ ನೆಲವನ್ನು ಕೊಳ್ಳುವ ಮೊದಲು, ದಾನವಾಗಿ ಸ್ವೀಕರಿಸುವ ಮೊದಲು, ಹಳೆಯ ಗ್ರಾಮನಕ್ಷೆಯಲ್ಲಿ ಕೆರೆ, ಹಳ್ಳ, ರಾಜಕಾಲುವೆಗಳ ಗುರುತನ್ನು ನೋಡಲಿ. ಊರಿನ ವೃದ್ಧರನ್ನು ಕೇಳಲಿ. ಕೇಳಿದ ಮೇಲೆ ಆ ಮಾತನ್ನು ಬೆಲೆ ಇಳಿಸಲು ಬಳಸದಿರಲಿ.