ಅಮ್ಮನ ಅಪನಂಬಿಕೆ

ಮಂಚದ ಕಾಲಿನ ಒಳಬದಿಯಲ್ಲಿ ಬಿಳಿ ಪೈಂಟಿನಲ್ಲಿ 14 ಎಂದು ಬರೆದಿತ್ತು. ಐದು ವರ್ಷ ಅದರ ಮೇಲೆ ಮಲಗಿದ್ದ ನನ್ನ ಕಣ್ಣಿಗೆ ಆ ನಂಬರು ಬಿದ್ದದ್ದು ಊರು ಬಿಡುವ ದಿನ. 1977ರ ಮೇ ತಿಂಗಳು. ಅಂಗಳದಲ್ಲಿ ಲಾರಿ ನಿಂತಿದೆ, ಸಭೆಯ ಕಮಿಟಿಯವರೊಬ್ಬರು ರಿಜಿಸ್ಟರ್ ಹಿಡಿದು ಕೋಣೆಯಿಂದ ಕೋಣೆಗೆ ಹೋಗುತ್ತಿದ್ದಾರೆ. ಮಂಚ ಮೂರು, ಸರಿ. ಬೆತ್ತದ ಕುರ್ಚಿ ಆರು, ಒಂದರ ಬೆತ್ತ ಹರಿದಿದೆ. ಹಂಡೆ ಒಂದು. ಒಳ್ಳೆಯ ಮನುಷ್ಯರೇ ಅವರು. ಹರಿದ ಬೆತ್ತದ ವಿಷಯ ಬರೆಯುವಾಗ ಅವರಿಗೇ ನಾಚಿಕೆಯಾಗಿ, "ನಿಯಮ ಅಲ್ವಾ ಅಮ್ಮಾ" ಅಂದರು. ಲೆಕ್ಕ ಮುಗಿದ ಮೇಲೆ ನಮ್ಮದು ಅಂತ ಲಾರಿ ಹತ್ತಿದ್ದು ಎರಡು ಟ್ರಂಕು, ಮೂರು ಪೆಟ್ಟಿಗೆ ಪುಸ್ತಕ, ಒಂದು ಹೊಲಿಗೆ ಮೆಷಿನ್, ಮತ್ತೆ ಬುಟ್ಟಿಯಲ್ಲಿ ಕಾಲು ಕಟ್ಟಿ ಕೂರಿಸಿದ ಐದು ಹೇಂಟೆ.

ಪಪ್ಪ ಸಿಎಸ್‌ಐ ಸಭೆಯ ಪಾಸ್ಟರ್. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್‌ನವರು ಕರಾವಳಿಯಲ್ಲಿ ಕಟ್ಟಿದ ಹಳೆ ಸಭೆಗಳಲ್ಲೇ ಅವರ ಸೇವೆಯೆಲ್ಲ ಕಳೆಯಿತು. ಪಾಸ್ಟರರ ಬಂಗ್ಲೆಗೆ ಎತ್ತರದ ಹಂಚಿನ ಮಾಡು, ಅಗಲವಾದ ಜಗಲಿ. ದಾರಿಯಲ್ಲಿ ಹೋಗುವವರು ನಮ್ಮನ್ನು ದೊಡ್ಡ ಕುಳ ಎಂದೇ ಎಣಿಸುತ್ತಿದ್ದರು. ಸಂಬಳ 320 ರೂಪಾಯಿ; ಅದರಲ್ಲಿ ಹತ್ತನೆಯ ಒಂದು ಪಾಲು ಕೈಗೆ ಬಂದ ದಿನವೇ ದಶಮಾಂಶವಾಗಿ ಸಭೆಗೆ ತಿರುಗಿ ಹೋಗುತ್ತಿತ್ತು.

ಹೊಸದಾಗಿ ಹೋದದ್ದು ಉಡುಪಿ ಕಡೆಯ ಒಂದು ಹಳ್ಳಿಯ ಸಭೆಗೆ. ಆಗ ಎಲ್ಲರ ಬಾಯಲ್ಲೂ ಒಂದೇ ಮಾತು, ಡಿಕ್ಲರೇಶನ್. ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಿತ್ತು. ಗೇಣಿಗೆ ಉಳುತ್ತಿದ್ದವರು ಏಳನೇ ನಮೂನೆ ತುಂಬಿ ಕೊಟ್ಟರೆ ಗದ್ದೆ ಅವರದ್ದೇ. ನಮ್ಮ ಸಭೆಯ ಹಲವರು ಧಣಿಗಳ ಒಕ್ಕಲುಗಳು, ಅಕ್ಷರ ಅಷ್ಟಕ್ಕಷ್ಟೆ. ಸಂಜೆಯಾದರೆ ಜಗಲಿಯಲ್ಲಿ ಲಾಟೀನು ಹಚ್ಚಿಟ್ಟುಕೊಂಡು ಪಪ್ಪ ಅವರ ಸರ್ವೆ ನಂಬರು, ಗಡಿ, ಎಷ್ಟು ಮುಡಿ ಗೇಣಿ ಎಂದೆಲ್ಲ ಕೇಳಿ ಬರೆದುಕೊಡುತ್ತಿದ್ದರು. ಒಬ್ಬೊಬ್ಬರಾಗಿ ಭೂಮಿಯ ಒಡೆಯರಾದರು. ಹಕ್ಕುಪತ್ರ ಸಿಕ್ಕಿದವರು ಸೀಯಾಳ, ಬಾಳೆಗೊನೆ ತಂದು ಜಗಲಿಯಲ್ಲಿಟ್ಟು ಪ್ರಾರ್ಥನೆ ಮಾಡಿಸಿಕೊಂಡು ಹೋಗುತ್ತಿದ್ದರು. ಆ ಸಭೆಯಲ್ಲಿ ಕೊನೆಗೆ ಒಂದು ಸೆಂಟ್ಸ್ ಜಾಗವೂ ಇಲ್ಲದೆ ಉಳಿದವರು ಅರ್ಜಿ ಬರೆದವರೇ.

ಅಮ್ಮನಿಗೆ ಇದು ಹೊಳೆದಿತ್ತು. ಅವರು ಬಾಯಿಬಿಟ್ಟು ಹೇಳಲಿಲ್ಲ, ಪಿಗ್ಮಿ ಶುರು ಮಾಡಿದರು.

ಪಿಗ್ಮಿ ಅಂದರೆ ನಮ್ಮ ಕಡೆಯವರಿಗೆ ವಿವರಿಸಬೇಕಿಲ್ಲ. ಉಡುಪಿಯಲ್ಲಿ 1925ರಲ್ಲಿ, ಕೈಮಗ್ಗದವರ ಸಂಕಷ್ಟದ ಕಾಲಕ್ಕೆ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಎರಡಾಣೆಯಿಂದ ಶುರು ಮಾಡಿದ ಉಳಿತಾಯ ಅದು. ಬ್ಯಾಂಕಿಗೆ ಹೋಗುವುದು ಬೇಡ, ಬ್ಯಾಂಕೇ ದಿನಾ ಬಾಗಿಲಿಗೆ ಬರುತ್ತದೆ. ನಮ್ಮಲ್ಲಿಗೆ ಬರುತ್ತಿದ್ದವರು ಸೈಕಲ್ ಬೆಲ್ಲನ್ನು ಎರಡು ಸಲ ಬಾರಿಸುತ್ತಿದ್ದರು. ಅಮ್ಮ ಸೆರಗಿನ ಗಂಟು ಬಿಚ್ಚಿ ಒಂದು ರೂಪಾಯಿ ಕೊಡುವರು. ಅವರು ಕಾರ್ಡಿನಲ್ಲಿ ಬರೆದು ಸಹಿ ಹಾಕುವರು. ಆ ಒಂದು ರೂಪಾಯಿ ಸಂಬಳದ್ದಲ್ಲ, ಮೊಟ್ಟೆಯದ್ದು. ಒಂದಕ್ಕೆ 40 ಪೈಸೆಯಂತೆ ಮೂರು ಮೊಟ್ಟೆ ಮಾರಿದರೆ ಪಿಗ್ಮಿ ಕಳೆದು 20 ಪೈಸೆ ಉಳಿಯುತ್ತಿತ್ತು. ಹೇಂಟೆ ಕಾವಿಗೆ ಕುಳಿತ ದಿನಗಳಲ್ಲಿ ಹೊಲಿಗೆ ಮೆಷಿನ್ನು ಮಧ್ಯರಾತ್ರಿವರೆಗೆ ಓಡುತ್ತಿತ್ತು. ಬೆಳೆಹಬ್ಬದ ಏಲಂನಲ್ಲಿ ಒಂದೇ ಮೊಟ್ಟೆ ಕೈಯಿಂದ ಕೈಗೆ ತಿರುಗಿ, ಕೊಂಡವರು ಮತ್ತೆ ಮತ್ತೆ ಏಲಂಗೇ ಬಿಟ್ಟುಕೊಟ್ಟು, ಇಪ್ಪತ್ತೈದು ಮೂವತ್ತು ರೂಪಾಯಿಗೆ ಏರಿದಾಗ ಸಭೆಯೆಲ್ಲ ನಗುತ್ತಿತ್ತು. ಅಮ್ಮ ಮಾತ್ರ ಬೆರಳು ಮಡಚುತ್ತಿದ್ದರು.

ಪಪ್ಪನಿಗೆ ಇದು ಹಿಡಿಸುತ್ತಿರಲಿಲ್ಲ. ಆಕಾಶದ ಹಕ್ಕಿಗಳನ್ನು ನೋಡಿಕೊಳ್ಳುವವನು ನಮ್ಮನ್ನು ಬಿಡುತ್ತಾನೆಯೇ ಎನ್ನುವುದು ಅವರ ವಾದ. 1983ರಲ್ಲಿ ಪಿಗ್ಮಿ ದುಡ್ಡಿಗೆ ಎರಡು ಬಳೆ ಮಾರಿದ ಹಣ ಕೂಡಿಸಿ ಅಮ್ಮ ಎಂಟು ಸೆಂಟ್ಸ್ ಜಾಗ ತೆಗೆದಾಗ ಪಪ್ಪ ರಿಜಿಸ್ಟ್ರಿಗೆ ಹೋದರು, ಸಹಿ ಹಾಕಿದರು, ಜಾಗ ನೋಡಲು ಮಾತ್ರ ಹೋಗಲಿಲ್ಲ. ಆ ಎಂಟು ಸೆಂಟ್ಸಿಗೆ ಅವರಿಟ್ಟ ಹೆಸರು "ನಿಮ್ಮಮ್ಮನ ಅಪನಂಬಿಕೆ". ಯಾರಾದರೂ ಆ ಕಡೆ ಹೋಗಿಬಂದರೆ, "ಅಪನಂಬಿಕೆಗೆ ಬೇಲಿ ಸರಿ ಉಂಟೋ?" ಎಂದು ಕೇಳುವರು.

ಅವರ ನಂಬಿಕೆಯ ಖರ್ಚೂ ಕಡಿಮೆಯದಲ್ಲ. ಸಭೆಯ ಒಬ್ಬರು ರಿಕ್ಷಾ ತೆಗೆಯಲು ಒಂದು ಸೊಸೈಟಿಯಲ್ಲಿ ಸಾಲ ಮಾಡಿದರು, ಜಾಮೀನು ಪಪ್ಪ. ಅನ್ಯರ ಸಾಲಕ್ಕೆ ಹೊಣೆ ನಿಲ್ಲಬೇಡ ಎಂಬ ಬುದ್ಧಿಮಾತು ಜ್ಞಾನೋಕ್ತಿಗಳಲ್ಲಿ ಒಂದಲ್ಲ, ಹಲವು ಸಲ ಬರುತ್ತದೆ. ಪಪ್ಪ ಅದರ ಮೇಲೆ ಪ್ರಸಂಗ ಮಾಡಿದ್ದನ್ನು ನಾನೇ ಕೇಳಿದ್ದೇನೆ. ಆ ಮನುಷ್ಯ ಬೊಂಬಾಯಿಗೆ ಹೋದವನು ತಿರುಗಿ ಬರಲಿಲ್ಲ. ಎರಡು ವರ್ಷ ಕಂತು ಕಟ್ಟಿದವರು ನಾವು. ಆ ಎರಡು ವರ್ಷ ಮನೆಗೆ ಮೀನು ಬಂದದ್ದು ಯಾರಾದರೂ ತಂದುಕೊಟ್ಟರೆ ಮಾತ್ರ.

ಎಂಬತ್ತರ ದಶಕದಲ್ಲಿ ಕೊಲ್ಲಿಯ ದುಡ್ಡು ಸಭೆಗಳಿಗೂ ಬಂತು. ಬಾಳೆಗೊನೆ, ಕುಚ್ಚಲಕ್ಕಿಯ ಜಾಗಕ್ಕೆ ಕವರ್ ಬಂತು: ದೀಕ್ಷಾಸ್ನಾನಕ್ಕೆ ಒಂದು, ಮದುವೆಗೆ ಒಂದು, ಹೊಸ ಮನೆಯ ಪ್ರಾರ್ಥನೆಗೆ ಒಂದು. ಕವರಿನ ತೊಂದರೆ ಏನೆಂದರೆ ಅದರೊಳಗೆ ಎಷ್ಟಿದೆ ಎಂದು ಊರಿಗೆ ಗೊತ್ತಾಗುವುದಿಲ್ಲ. ಹಾಗಾಗಿ ಊರು ತನಗೆ ತೋಚಿದಷ್ಟು ಎಣಿಸಿಕೊಳ್ಳುತ್ತದೆ. ಬಾಳೆಗೊನೆಗೆ ಯಾರೂ ಹೊಟ್ಟೆಕಿಚ್ಚುಪಟ್ಟದ್ದನ್ನು ನಾನು ಕಂಡಿಲ್ಲ.

1996ರಲ್ಲಿ ಪಪ್ಪ ನಿವೃತ್ತರಾದರು. ಶಾಲು, ಹಾರ, ಭಾಷಣ. ಹೊಸ ಪಾಸ್ಟರಿಗೆ ಬಂಗ್ಲೆ ಬೇಕಲ್ಲ, ತಿಂಗಳೊಳಗೆ ಬಿಟ್ಟುಕೊಡಬೇಕು. ಮತ್ತೆ ರಿಜಿಸ್ಟರ್, ಮತ್ತೆ ಮಂಚ ಮೂರು. ಈ ಸಲದ ಲಾರಿ ಅಮ್ಮನ ಎಂಟು ಸೆಂಟ್ಸಿನತ್ತ ಹೋಯಿತು. ಎರಡು ಕೋಣೆ, ಸಿಮೆಂಟ್ ಶೀಟಿನ ಮಾಡು, ನೆಲಕ್ಕೆ ಕಾವಿ. ಮೊದಲ ರಾತ್ರಿ ಚಾಪೆಯ ಮೇಲೆ ಮಲಗಿ ಪಪ್ಪ ಬಹಳ ಹೊತ್ತು ಮಾಡು ನೋಡುತ್ತಿದ್ದರು. ಏನೋ ಹೇಳುತ್ತಾರೆಂದು ಕಾದೆ. "ಸೆಕೆ" ಅಂದರು, ಮಗ್ಗುಲು ತಿರುಗಿದರು.

ನಾನು ಸೇರಿದ್ದು ಬ್ಯಾಂಕಿಗೆ. ಈಗ ಪಾಸ್ಟರುಗಳ ಕುಟುಂಬಗಳ ಕೂಟ ನಡೆದರೆ ದುಡ್ಡಿನ ವಿಷಯ ಮಾತಾಡಲು ನನ್ನನ್ನು ಕರೆಯುತ್ತಾರೆ. ಪಪ್ಪನ ಕಾಲದಲ್ಲಿ ಇಂಥ ಕೂಟದಲ್ಲಿ ದುಡ್ಡಿನ ಮಾತೆತ್ತಿದರೆ ಕೆಮ್ಮು ಬರುತ್ತಿತ್ತು. ಈಗ ಕಾಣಿಕೆ ಚೀಲದ ಪಕ್ಕದಲ್ಲೇ ಕ್ಯೂಆರ್ ಕೋಡ್ ಅಂಟಿಸಿರುತ್ತಾರೆ, ನಾನು ಮಾತಾಡುವಾಗ ಹೆಂಗಸರು ಬರೆದುಕೊಳ್ಳುತ್ತಾರೆ. ಗಂಡ ಇರುವಾಗಲೇ ನಾಮಿನಿ ಹೆಸರು ನೋಡಿಕೊಳ್ಳಿ, ಅವರು ಹೋದ ಮೇಲೆ ಬಂಗ್ಲೆಯೂ ಹೋಗುತ್ತದೆ ಎನ್ನುತ್ತೇನೆ. ಪಿಪಿಎಫ್ 15 ವರ್ಷದ್ದು, ಹಾಗಾಗಿ ಮದುವೆಯಾದ ವರ್ಷವೇ ತೆರೆಯಿರಿ. 2009ರ ಮೇ 1ರಿಂದ ಎನ್‌ಪಿಎಸ್ ಸರ್ಕಾರಿ ನೌಕರರಲ್ಲದವರಿಗೂ ಉಂಟು. ಮನೆ ಸಾಲ ಬೇಕಿದ್ದರೆ ಮೂವತ್ತೈದರಲ್ಲಿ ಕೇಳಿ, ಅರವತ್ತರಲ್ಲಿ ಕೇಳಿದರೆ ನಮ್ಮ ಮ್ಯಾನೇಜರು ಚಹಾ ಕುಡಿಸಿ ಕಳಿಸುತ್ತಾರೆ. ದಶಮಾಂಶ ಮೊದಲು ತೆಗೆಯಿರಿ, ನಾನು ಬೇಡ ಅನ್ನುವುದಿಲ್ಲ, ಎರಡನೆಯದು ಉಳಿತಾಯವಾಗಲಿ. ಒಬ್ಬ ಟೀಚರಮ್ಮ ಎದ್ದು, ಗಂಡನ ಪ್ರತಿ ಟ್ರಾನ್ಸ್‌ಫರಿಗೂ ತಾನು ಕೆಲಸ ಬಿಟ್ಟು ಹೊಸ ಶಾಲೆಯಲ್ಲಿ ಮೊದಲಿನಿಂದ ಶುರು ಮಾಡಬೇಕು, ನಾಲ್ಕು ಸಲ ಹಾಗಾಯಿತು, ಅದಕ್ಕೆ ಯಾವ ಸ್ಕೀಮ್ ಉಂಟು ಎಂದು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಜಾಮೀನಿನ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಯಾರಿಗೂ ಹಾಕಬೇಡಿ, ಸ್ವಂತ ಭಾವನಿಗೂ.

ಕಳೆದ ಸಲ ಊಟದ ಹೊತ್ತಿಗೆ ಒಬ್ಬ ಎಳೆಯ ಪಾಸ್ಟರ್ ತಟ್ಟೆ ಹಿಡಿದುಕೊಂಡು ಪಕ್ಕಕ್ಕೆ ಬಂದರು.

"ಸಾರ್, ಸಭೆಯ ಒಂದು ಹುಡುಗಿ. ನರ್ಸಿಂಗಿಗೆ ಸೀಟು ಸಿಕ್ಕಿದೆ. ಅಪ್ಪ ಇಲ್ಲ. ಲೋನಿಗೆ ಜಾಮೀನು ಕೇಳ್ತಿದ್ದಾರೆ."

"ಎಷ್ಟು ಲೋನು?"

"ಮೂರೂವರೆ ಲಕ್ಷ."

"ಎಜುಕೇಶನ್ ಲೋನಿಗೆ ನಾಲ್ಕು ಲಕ್ಷದವರೆಗೆ ಮೂರನೆಯವರ ಜಾಮೀನು ಬೇಡ. ತಾಯಿಯ ಸಹಿ ಸಾಕು. ಬ್ರಾಂಚಿಗೆ ನಾನು ಫೋನ್ ಮಾಡ್ತೇನೆ, ನೀವು ಸಹಿ ಹಾಕಬೇಡಿ."

ಅವರು ಅನ್ನ ಕಲಸುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಮೊನ್ನೆ ಸೋಮವಾರವೇ ಹಾಕಿ ಆಯ್ತು ಸಾರ್. ಇವಳಿಗೆ ಹೇಳ್ಬೇಡಿ," ಎಂದು ಹೆಂಗಸರ ಸಾಲಿನ ಕಡೆ ಕಣ್ಣು ಹಾಯಿಸಿದರು.