ಒಂದು ರೂಪಾಯಿ ಟಿಕೆಟ್ ಮಾರಿದ್ದು ಏನನ್ನು?

ಬೂದಿಗೆರೆಯವರಾದ ನಮಗೆ ವಿಮಾನ ಅಂದ್ರೆ ಅಂಥ ದೊಡ್ಡ ವಿಷಯ ಏನಲ್ಲ. ಉತ್ತರಕ್ಕೆ ನೋಡಿದರೆ ಸಾಕು, ಒಂದರ ಹಿಂದೆ ಒಂದು ಇಳೀತಾನೇ ಇರುತ್ತವೆ. 2008ರಲ್ಲಿ ದೇವನಹಳ್ಳಿಯಲ್ಲಿ ಏರ್‌ಪೋರ್ಟ್ ಶುರುವಾದಾಗ ನಾವಿನ್ನೂ ಅಂಬೆಗಾಲಿಡುತ್ತಿದ್ದೆವು. ಆದ್ರೆ ನಮ್ಮ ಮನೆಯಲ್ಲಿ ಇವತ್ತಿನವರೆಗೂ ಯಾರೂ ವಿಮಾನ ಹತ್ತಿಲ್ಲ. ಕ್ಯಾಬ್ ಓಡಿಸುವ ಅಪ್ಪ ದಿನಕ್ಕೆ ಮೂರು ಸಲ ಡಿಪಾರ್ಚರ್ ಗೇಟ್ ತನಕ ಹೋಗಿ ವಾಪಸ್ ಬರ್ತಾರೆ. "ಅದು ನಮ್ಮಂಥವರಿಗಲ್ಲ ಬಿಡು" ಅನ್ನೋದು ಅವರ ಮಾತು.

ಈ ಮಾತನ್ನೇ ಬದಲಾಯಿಸೋಕೆ ಹೊರಟ ಕಂಪನಿ ಏರ್ ಡೆಕ್ಕನ್. ಹಾಸನ ಜಿಲ್ಲೆಯ ಗೊರೂರಿನಲ್ಲಿ ಬೆಳೆದು, ಸೈನ್ಯದಲ್ಲಿದ್ದು, ಆಮೇಲೆ ರೇಷ್ಮೆ ಕೃಷಿ ಮಾಡಿದ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ 2003ರಲ್ಲಿ ಬೆಂಗಳೂರಿನಿಂದ ಇದನ್ನು ಶುರು ಮಾಡಿದರು. ಇದ್ದಿದ್ದು ಚಿಕ್ಕ ಎಟಿಆರ್ ವಿಮಾನಗಳು, ಸುಮಾರು 48 ಸೀಟು. ಬಿಟ್ಟಿ ಊಟ ಇಲ್ಲ, ಬಿಸಿನೆಸ್ ಕ್ಲಾಸ್ ಇಲ್ಲ. ಲೋಗೋ ಪಕ್ಕ ನಿಲ್ಲಿಸಿದ್ದು ಸಿನಿಮಾ ಸ್ಟಾರ್‌ನನ್ನಲ್ಲ, ಆರ್.ಕೆ. ಲಕ್ಷ್ಮಣ್ ಬಿಡಿಸಿದ 'ಕಾಮನ್ ಮ್ಯಾನ್'ನನ್ನು. ಧೋತರ, ಚೌಕಳಿ ಕೋಟಿನ ಆ ಮನುಷ್ಯನನ್ನು ನೋಡಿದವರಿಗೆ ಬೇರೆ ಜಾಹೀರಾತು ಬೇಕಿರಲಿಲ್ಲ.

ಮತ್ತೆ ಒಂದು ರೂಪಾಯಿ ಟಿಕೆಟ್. ತೆರಿಗೆ ಬೇರೆ, ಸೀಟುಗಳೂ ಕೆಲವೇ. ಲೆಕ್ಕ ಸಿಂಪಲ್: ವಿಮಾನ ಮೇಲೆದ್ದ ಮೇಲೆ ಖಾಲಿ ಸೀಟಿಗೆ ಬೆಲೆಯೇ ಇಲ್ಲ. ಮೊದಲು ಬುಕ್ ಮಾಡಿದವರಿಗೆ ಕಡಿಮೆ, ದಿನ ಹತ್ತಿರ ಬಂದ ಹಾಗೆ ಜಾಸ್ತಿ. ಆ ಒಂದು ರೂಪಾಯಿ ಮಾರಿದ್ದು ಸೀಟನ್ನಲ್ಲ, "ನಾವೂ ಹತ್ತಬಹುದು" ಅನ್ನೋ ಯೋಚನೆಯನ್ನು. ರೈಲಿನ ಜನರನ್ನೇ ಗುರಿ ಮಾಡಿಕೊಂಡ ಮಾರ್ಕೆಟಿಂಗ್ ಅದು.

ಆದ್ರೆ ಇಂಧನದ ಬಿಲ್ಲು ಯೋಚನೆಯಿಂದ ತುಂಬಲ್ಲ. ಏರ್‌ಲೈನ್‌ಗಳಿಗೆ ಅತಿ ದೊಡ್ಡ ಖರ್ಚೇ ಅದು. ಪೈಪೋಟಿಗೆ ಹೊಸ ಕಂಪನಿಗಳು ಬಂದವು, ದರ ಏರಿಸೋ ಹಾಗಿರಲಿಲ್ಲ. ನಷ್ಟ ಬೆಳೆಯಿತು. 2007ರಲ್ಲಿ ಕಿಂಗ್‌ಫಿಷರ್‌ನ ಯುಬಿ ಗ್ರೂಪ್ 26% ಪಾಲು ಕೊಂಡಿತು. 2008ರಲ್ಲಿ ಹೆಸರೂ 'ಕಿಂಗ್‌ಫಿಷರ್ ರೆಡ್' ಆಯ್ತು. ಅದೇ ಜುಲೈನಲ್ಲಿ ಕಚ್ಚಾ ತೈಲ ಬ್ಯಾರೆಲ್‌ಗೆ 147 ಡಾಲರ್ ಮುಟ್ಟಿತು. 2012ರಲ್ಲಿ ಕಿಂಗ್‌ಫಿಷರ್ರೇ ನಿಂತುಹೋಯಿತು. ಕಾಮನ್ ಮ್ಯಾನ್ ಮಾತ್ರ ವಾಪಸ್ ರೈಲಿಗೆ ಹೋಗಲಿಲ್ಲ, 2006ರಲ್ಲಿ ಹಾರಾಟ ಶುರು ಮಾಡಿದ್ದ ಇಂಡಿಗೋ ಹತ್ತಿದ. ಬಿತ್ತಿದವರು ಒಬ್ಬರು, ಕೊಯ್ದವರು ಇನ್ನೊಬ್ಬರು.

2019ರಲ್ಲಿ ಬೆಂಗಳೂರು–ಹುಬ್ಬಳ್ಳಿಯಿಂದ ಶುರುವಾದ ಸ್ಟಾರ್ ಏರ್ ಬೇರೆ ದಾರಿ ಹಿಡಿಯಿತು. ದೊಡ್ಡವರು ಬರದ ಕಲಬುರಗಿ, ಬೀದರ್ ಥರದ ಊರುಗಳಿಗೆ 50 ಸೀಟಿನ ವಿಮಾನ. ಜೊತೆಗೆ ಉಡಾನ್ ಯೋಜನೆಯ ಸಹಾಯಧನ. ಅಲ್ಲಿ ಸ್ಪರ್ಧೆ ಇನ್ನೊಂದು ವಿಮಾನದ ಜೊತೆ ಅಲ್ಲ, ರಾತ್ರಿ ಬಸ್ಸಿನ ಜೊತೆ. ಆದ್ರೆ ಆಗ ಒಂದು ರೂಟಿಗೆ ಸಹಾಯಧನ ಸಿಗ್ತಿದ್ದಿದ್ದು ಮೂರು ವರ್ಷ ಮಾತ್ರ. ಆಮೇಲೆ ಪೂರ್ತಿ ದರ ಕೊಟ್ಟು ಹತ್ತುವವರು ಇದ್ದರೆ ರೂಟ್ ಉಳಿಯುತ್ತೆ, ಇಲ್ಲಾಂದ್ರೆ ಇಲ್ಲ.

ನಮ್ಮ ಫೋನಿನಲ್ಲಿರುವ ಅರ್ಧ ಆಪ್‌ಗಳು ಆಡ್ತಿರೋದೂ ಇದೇ ಆಟ. ಮೊದಲ ಆರ್ಡರ್ ಫ್ರೀ, ಎರಡನೆಯದಕ್ಕೆ ಕೂಪನ್. ಫೆಸ್ಟ್‌ನಲ್ಲಿ ಸ್ಟಾರ್ಟಪ್ ಐಡಿಯಾ ಪಿಚ್ ಮಾಡುವಾಗ ನಾವೆಲ್ಲ ಎಷ್ಟು ಯೂಸರ್ಸ್ ಬರ್ತಾರೆ ಅನ್ನೋ ಸ್ಲೈಡನ್ನು ಚೆನ್ನಾಗಿ ಮಾಡ್ತೀವಿ. ಏರ್ ಡೆಕ್ಕನ್ ಕೇಳಿಸುವ ಪ್ರಶ್ನೆ ಅದರ ಮುಂದಿನ ಸ್ಲೈಡಿನದು: ಕೂಪನ್ ಮುಗಿದ ಮಾರನೇ ದಿನ ಎಷ್ಟು ಜನ ಉಳೀತಾರೆ, ಅಷ್ಟು ದಿನದ ಡೀಸೆಲ್ ಖರ್ಚು ಯಾರ ಜೇಬಿನದು?