ಎಳ್ಳಮಾಸಿ, ಪಹಣಿ ಮತ್ತು ಒಂದು ಸರ್ವರ್

ಎಳ್ಳಮಾಸಿಗೆ ಊರಿಗೆ ಹೋಗುವವನು ಲ್ಯಾಪ್‌ಟಾಪ್ ಒಯ್ಯಬಾರದು. ಗೊತ್ತಿದ್ದೂ ಒಯ್ದಿದ್ದೆ.

2024ರ ಡಿಸೆಂಬರ್ 29, ರಾತ್ರಿ ಹತ್ತು ಗಂಟೆ. ಮರುದಿನ ಸೋಮವಾರ ಹಬ್ಬ. ಕೆಳಗೆ ಅವ್ವ ಭಜ್ಜಿಗೆ ಕಾಳು ನೆನೆಹಾಕಿ ಸಜ್ಜಿ ರೊಟ್ಟಿ ಬಡಿಯುತ್ತಿದ್ದಳು. ಆಳಂದದ ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಮಾಳಿಗೆ ಮೇಲೆ ಮಾತ್ರ. ಅಲ್ಲಿ ಕಂಬಳಿ ಹೊದ್ದು ಕೂತಿದ್ದಾಗ ಬೆಂಗಳೂರಿನ ಸಹೋದ್ಯೋಗಿಯ ಫೋನು. "ಆ ಸರ್ವರ್‌ಗೆ ಹೊಸ ಕರ್ನಲ್ ಬರ್ತಾನೇ ಇಲ್ಲ ಮಾರಾಯಾ. ಸಬ್‌ಸ್ಕ್ರಿಪ್ಷನ್ ಮುಗಿದಿರಬೇಕು, ನೋಡು. ಬೆಳಗ್ಗೆ ಆರರೊಳಗೆ ರೀಬೂಟ್ ಆಗ್ಬೇಕು."

ಅದು ರೆಡ್ ಹ್ಯಾಟ್ ಲಿನಕ್ಸ್ 8. ತಂತ್ರಾಂಶವೇನೋ ಮುಕ್ತವೇ, ಆದರೆ ಅಪ್‌ಡೇಟ್ ಮತ್ತು ಬೆಂಬಲಕ್ಕೆ ದುಡ್ಡು ಕಟ್ಟಬೇಕು. ಕಟ್ಟಿದ್ದೇವೋ ಇಲ್ಲವೋ ಎಂದು ಬ್ರೌಸರ್ ತೆರೆಯದೇ ಕಮಾಂಡ್ ಲೈನಿನಲ್ಲೇ ನೋಡಬಹುದು. ಫೋನಿನ ಹಾಟ್‌ಸ್ಪಾಟ್ ಹಿಡಿದು ಒಳಹೊಕ್ಕೆ. ರೂಟ್ ಆಗಿ 'ಸಬ್‌ಸ್ಕ್ರಿಪ್ಷನ್-ಮ್ಯಾನೇಜರ್ ಸ್ಟೇಟಸ್' ಕೊಟ್ಟೆ.

ಓವರಾಲ್ ಸ್ಟೇಟಸ್: ಡಿಸೇಬಲ್ಡ್.

ಎದೆ ಧಸಕ್ ಅಂತು. ಹಿಂದೆ ಯಾವಾಗ ನೋಡಿದರೂ ಅಲ್ಲಿ 'ಕರೆಂಟ್' ಅಂತಿರುತ್ತಿತ್ತು (ಚಾಲ್ತಿ ಅಂತ, ನಮ್ಮೂರಲ್ಲಿ ಹೋಗಿ ಬಂದು ಮಾಡುವ ಕರೆಂಟ್ ಅಲ್ಲ :) ). 'ಲಿಸ್ಟ್ --ಕನ್ಸ್ಯೂಮ್ಡ್' ಕೊಟ್ಟೆ. ಈ ಯಂತ್ರ ಯಾವ ಸಬ್‌ಸ್ಕ್ರಿಪ್ಷನ್ ಬಳಸುತ್ತಿದೆ, ಯಾವ ತಾರೀಖಿನ ತನಕ ಅಂತ ಅದು ಹೇಳಬೇಕು. ಒಂದೂ ಇಲ್ಲ ಅಂತು.

ಅಷ್ಟರಲ್ಲಿ ಅಪ್ಪ ಮೇಲೆ ಬಂದ. "ಈಟೊತ್ನಾಗ ಏನ್ ನೋಡ್ಲಾಕತ್ತೀಯೋ?"

"ಸಾಫ್ಟ್‌ವೇರಿಗೆ ರೊಕ್ಕ ಕಟ್ಟೀವೋ ಇಲ್ಲೋ ಅಂತ."

"ಹಂಗಂದ್ರ ಪಹಣಿ ನೋಡ್ದಂಗ."

ಅಪ್ಪನಿಗೆ ಪಹಣಿ ಅಂದರೆ ಜೀವ. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ಬಂದು ಪಹಣಿ ಕಂಪ್ಯೂಟರಿಗೆ ಏರಿದ ಮೇಲೂ ವರ್ಷಕ್ಕೊಮ್ಮೆ ಪ್ರಿಂಟ್ ತೆಗೆಸಿ, ಒಂಬತ್ತನೇ ಕಾಲಂನಲ್ಲಿ ಹೆಸರು, ಹನ್ನೊಂದರಲ್ಲಿ ಸಾಲ ಎಂದು ಬೆರಳಿಟ್ಟು ಓದುತ್ತಾನೆ. ಹಂಗೇ ನಾನೂ ಬೆರಳಿಟ್ಟು ಓದಬೇಕಿತ್ತು. ಓದಲಿಲ್ಲ. ಹೊಸದಾಗಿ ನೋಂದಾಯಿಸಿದರೆ ಸರಿಹೋದೀತೆಂದು 'ಅನ್‌ರಿಜಿಸ್ಟರ್' ಹೊಡೆದುಬಿಟ್ಟೆ.

ಮತ್ತೆ 'ರಿಜಿಸ್ಟರ್' ಅಂದರೆ ಯೂಸರ್‌ನೇಮ್, ಪಾಸ್‌ವರ್ಡ್ ಕೇಳಿತು. ಪಾಸ್‌ವರ್ಡ್ ಗೊತ್ತಿದ್ದವರು ರಜೆಯಲ್ಲಿ, ಫೋನ್ ಸ್ವಿಚ್ ಆಫ್. ಚಳಿಯಲ್ಲೂ ಬೆವೆತೆ. ಅಲ್ಲಿಯ ತನಕ ಕರ್ನಲ್ ಒಂದೇ ಬರುತ್ತಿರಲಿಲ್ಲ. ಈಗ ಯಾವ ಅಪ್‌ಡೇಟೂ ಬಾರದಂತೆ ನಾನೇ ಮಾಡಿದ್ದೆ.

ಹಳೇ ಮೇಲ್‌ಗಳನ್ನು ಕೆದಕುತ್ತ ಹೋದಾಗ ಹನ್ನೊಂದೂವರೆಗೆ ಒಂದು ಆಕ್ಟಿವೇಶನ್ ಕೀ ಸಿಕ್ಕಿತು, ಜೊತೆಗೆ ಆರ್ಗನೈಸೇಶನ್ ಐಡಿ. ಇವೆರಡಿದ್ದರೆ ಪಾಸ್‌ವರ್ಡ್ ಬೇಡ: 'ರಿಜಿಸ್ಟರ್ --ಆರ್ಗ್, --ಆಕ್ಟಿವೇಶನ್‌ಕೀ'. ಕೂಡಲೇ ನೋಂದಣಿಯಾಯಿತು. ಸ್ಟೇಟಸ್ ನೋಡಿದರೆ... ಮತ್ತೆ ಡಿಸೇಬಲ್ಡ್!

ಆಗ ಅದರ ಕೆಳಗಿನ ಸಾಲು ಓದಿದೆ. ಈ ಖಾತೆ 'ಸಿಂಪಲ್ ಕಂಟೆಂಟ್ ಆಕ್ಸೆಸ್' ವಿಧಾನದಲ್ಲಿದೆ, ಸಬ್‌ಸ್ಕ್ರಿಪ್ಷನ್ ಸ್ಥಿತಿ ಏನೇ ಇರಲಿ ಈ ಯಂತ್ರಕ್ಕೆ ಅಪ್‌ಡೇಟ್ ಸಿಗುತ್ತದೆ ಅಂತಿತ್ತು. ಹಿಂದೆ ಒಂದೊಂದು ಸರ್ವರಿಗೂ ಒಂದೊಂದು ಸಬ್‌ಸ್ಕ್ರಿಪ್ಷನ್ ಕಟ್ಟಬೇಕಿತ್ತು. 2022ರಿಂದ ಹೊಸ ಖಾತೆಗಳೆಲ್ಲ ಈ ವಿಧಾನದಲ್ಲೇ ಶುರುವಾದವು, 2024ರ ಕೊನೆಯ ಹೊತ್ತಿಗೆ ಹಳೆಯವೂ ಬಂದವು. ಈಗ ಯಂತ್ರ ನೋಂದಣಿಯಾಗಿದ್ದರೆ ಸಾಕು. ಆ ಡಿಸೇಬಲ್ಡ್ ಅಂದರೆ ಒಂದೊಂದಾಗಿ ತಾಳೆ ನೋಡುವ ಹಳೇ ಪದ್ಧತಿ ನಿಂತಿದೆ ಅಂತ, ಅಪ್‌ಡೇಟ್ ನಿಂತಿದೆ ಅಂತಲ್ಲ. ಇಂಥ ಪದ ಯಾಕೆ ಇಟ್ಟರೋ! ನೋಡಬೇಕಾದ್ದು 'ರೆಪೋಸ್ --ಲಿಸ್ಟ್-ಎನೇಬಲ್ಡ್'. ನೋಡಿದೆ. ಬೇಸ್ಓಎಸ್, ಆ್ಯಪ್‌ಸ್ಟ್ರೀಮ್ ಎರಡೂ ಇದ್ದವು.

ಆದರೂ ಕರ್ನಲ್ ಬರಲಿಲ್ಲ.

ಕೊನೆಗೆ ಡಿಎನ್ಎಫ್‌ನ ಕಾನ್ಫಿಗರೇಶನ್ ಫೈಲ್ ತೆರೆದೆ. ಒಂದು ಸಾಲು: ಎಕ್ಸ್‌ಕ್ಲೂಡ್, ಕರ್ನಲ್, ಮುಂದೊಂದು ನಕ್ಷತ್ರ. ಅದರ ಮೇಲೆ ಟಿಪ್ಪಣಿ, 'ತಾತ್ಕಾಲಿಕ, 2022'. ಪಕ್ಕದಲ್ಲಿ ನನ್ನದೇ ಇನಿಷಿಯಲ್ಸು.

ಸಾಲು ಅಳಿಸಿದೆ. ಕರ್ನಲ್ ಬಂತು, ಒಂದೂವರೆಗೆ ರೀಬೂಟ್ ಆಯಿತು.

ಬೆಳಗ್ಗೆ ಹೊಲಕ್ಕೆ ಹೋದೆವು. ತೊಗರಿ ಸಾಲಿನಲ್ಲಿ ಚರಗ ಚೆಲ್ಲುತ್ತ ಅಪ್ಪ ಕೇಳಿದ, "ನಿನ್ನ ಪಹಣಿ ಸರಿ ಆಯ್ತೇನು?"

"ಅದು ಮೊದ್ಲಿಂದ್ಲೂ ಸರೀನೇ ಇತ್ತಪ್ಪಾ."

"ಮತ್ಯಾಕ ಹರ್ದಿ?"